ಜಿಪ್ ಫೈಲಿಗೆ ಪಂಚನಾಮೆ

ನೌಕರಿಗೆ ಹೊಸದಾಗಿ ಸೇರಿದ ಮಕ್ಕಳೇ, ಮೊದಲೇ ಹೇಳಿಬಿಡುತ್ತೇನೆ, ನಾನು ಕಂಪ್ಯೂಟರ್ ಓದಿದವಳಲ್ಲ. ಟೈಪಿಂಗ್ ಸೀನಿಯರ್ ಪಾಸು ಮಾಡಿಕೊಂಡು ಸಿರುಗುಪ್ಪದ ಕಚೇರಿಗೆ ಟೈಪಿಸ್ಟ್ ಆಗಿ ಬಂದೆ. ಒಂದು ದಿನ ನನ್ನ ಟೈಪ್‌ರೈಟರನ್ನು ಎತ್ತಿಕೊಂಡು ಹೋಗಿ, ಅದೇ ಮೇಜಿನ ಮೇಲೆ ಒಂದು ಕಂಪ್ಯೂಟರು ತಂದಿಟ್ಟರು. ಎರಡರಲ್ಲೂ ಅಕ್ಷರ ಒತ್ತುವುದೇ ತಾನೇ, ಇದನ್ನೂ ನೀವೇ ನೋಡಿಕೊಳ್ಳಿ ಎಂದರು. ಕಂಪ್ಯೂಟರ್ ವಿಭಾಗ ಅಂತ ನಮ್ಮ ಕಚೇರಿಯಲ್ಲಿ ಶುರುವಾದದ್ದು ಹೀಗೆ, ಮತ್ತು ನಾನು ನಿವೃತ್ತಳಾಗುವವರೆಗೂ ಆ ವಿಭಾಗ ಎಂದರೆ ನಾನು, ಒಂದು ಕುರ್ಚಿ, ಒಂದು ಕೆಟ್ಟ ಫ್ಯಾನು.

ಯಾವ ಇಲಾಖೆ ಎಂದು ಹೇಳುವುದಿಲ್ಲ. ಮೇಲಿನಿಂದ ಕಾಗದ ಬರುತ್ತಿತ್ತು, ತುಂಬಿಸಿ ಮೇಲಕ್ಕೇ ಕಳಿಸುತ್ತಿದ್ದೆವು ಎಂದರೆ ಸಾಕು, ನಿಮ್ಮದೂ ಅಂಥದ್ದೇ ಇರುತ್ತದೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದನ್ನೂ ಬರೆಯುವುದಿಲ್ಲ. ಅದರಿಂದ ನಿಮಗೆ ಮೂರು ಕಾಸಿನ ಉಪಯೋಗವಿಲ್ಲ.

ಇದನ್ನು ಬರೆಯಲು ಕಾರಣ ಒಂದು ಫೋನು. ಮೊನ್ನೆ ಕುರುಗೋಡಿನಿಂದ ಹೊಸ ಹುಡುಗಿಯೊಬ್ಬಳು ಮಾಡಿದ್ದಳು. ಮೇಲಿನಿಂದ ಒಂದು ಫೈಲು ಬಂದಿದೆ, ಅದರ ಚಿತ್ರದ ಮೇಲೆ ಬ್ಯಾಗಿಗೆ ಇರುವಂಥ ಜಿಪ್ಪು ಇದೆ, ಒತ್ತಿದರೆ ಒಳಗಿನದೆಲ್ಲ ಕಾಣುತ್ತದೆ, ತುಂಬಿಸಿದರೆ ಮಾತ್ರ ಉಳಿಯುವುದಿಲ್ಲ ಎಂದು ಅಳುವುದೊಂದು ಬಾಕಿ. ಫೋನಿನಲ್ಲಿ ಇಡೀ ಲೋಕವನ್ನೇ ಆಡಿಸುವ ಹುಡುಗಿ, ಜಿಪ್ ಫೈಲಿನ ಮುಂದೆ ಕೂತು ಹೀಗಾಗಿದ್ದಳು. ನನಗೆ ನಗು ಬಂತು. ಆಮೇಲೆ ಪಂಪಾಪತಿ ಸಾಹೇಬರು ನೆನಪಾದರು. ನಗು ಇನ್ನೂ ಜಾಸ್ತಿಯಾಯಿತು.

ಜಿಪ್ ಎಂದರೆ ಗಂಟು. ಅಷ್ಟೇ. ಹತ್ತು ಕಾಗದವನ್ನು ಬಿಡಿಬಿಡಿಯಾಗಿ ಕಳಿಸಿದರೆ ದಾರಿಯಲ್ಲಿ ಒಂದೆರಡು ಉದುರುತ್ತವೆ, ಹಾಗಾಗಿ ಒಂದೇ ಗಂಟು ಕಟ್ಟಿ ಕಳಿಸುತ್ತಾರೆ. ಕಟ್ಟುವಾಗ ಕಂಪ್ಯೂಟರು ಸ್ವಲ್ಪ ಒತ್ತಿಯೂ ಕಟ್ಟುತ್ತದೆ. ಬಳ್ಳಾರಿಯ ಪ್ರೆಸ್ಸಿಂಗ್ ಮಿಲ್ಲಿನಲ್ಲಿ ಕೋಣೆ ತುಂಬ ಹರಡಿದ ಹತ್ತಿಯನ್ನು ಒತ್ತಿ ಒಂದು ಬೇಲು ಮಾಡುತ್ತಾರಲ್ಲ, ಬರವಣಿಗೆಯ ಕಾಗದ ಹಾಗೆ ಒತ್ತಿಸಿಕೊಳ್ಳುತ್ತದೆ. ಫೋಟೋ, ಹಾಡು, ವಿಡಿಯೋ ಮಾತ್ರ ಅಕ್ಕಿ ಮೂಟೆ ಇದ್ದಂತೆ. ಮೊದಲೇ ತುಂಬಿ ಹೊಲಿದದ್ದು, ಎಷ್ಟು ಒತ್ತಿದರೂ ಅಷ್ಟೇ ಇರುತ್ತವೆ. ಫೋಟೋ ಜಿಪ್ ಮಾಡಿದರೂ ಸಣ್ಣದಾಗಲಿಲ್ಲ ಎಂದು ಯಾರಾದರೂ ನಿಮ್ಮನ್ನು ಬೈದರೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ಪಂಪಾಪತಿ ಸಾಹೇಬರ ವಿಷಯ. ಅವರು ನಮ್ಮ ಸೂಪರಿಂಟೆಂಡೆಂಟ್. ಕುರುಗೋಡು ಹತ್ತಿರದ ಬಾದನಹಟ್ಟಿಯವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ಕೆಂಪು ಪೆನ್ನಿನ ಮುಚ್ಚಳ ತೆಗೆದರೆ ಇಡೀ ಕಚೇರಿ ಉಸಿರು ಹಿಡಿಯುತ್ತಿತ್ತು. ಅವರು ನೌಕರಿಗೆ ಸೇರಿದ ಹೊಸದರಲ್ಲಿ ಯಾವುದೋ ಮೊಹರು ಮಾಡಿದ ಲಕೋಟೆಯನ್ನು ಒಬ್ಬರೇ ಒಡೆದು, ಒಳಗಿನ ಕಾಗದ ಕಡಿಮೆ ಇದೆ ಎಂದು ತಿಂಗಳುಗಟ್ಟಲೆ ವಿವರಣೆ ಬರೆದಿದ್ದರಂತೆ. ಅಂದಿನಿಂದ ಅವರಿಗೆ ಒಂದೇ ನಿಯಮ: ಮೇಲಿನಿಂದ ಕಟ್ಟಿ ಬಂದದ್ದನ್ನು ಪಂಚರ ಎದುರಿಗೇ ಬಿಚ್ಚಬೇಕು. ಪಂಚರು ಎಂದರೆ ಸಾಕ್ಷಿಗಳು. ಬಿಚ್ಚಿದ ಮೇಲೆ ಪಂಚನಾಮೆ ಬರೆದು ಎಲ್ಲರೂ ಸಹಿ ಹಾಕಬೇಕು.

ಮೊದಲನೇ ಜಿಪ್ ಫೈಲು ಇ-ಮೇಲಿನಲ್ಲಿ ಬಂದಾಗ ನಾನು ಬಾಯಿ ತಪ್ಪಿ, ಗಂಟು ಬಂದಿದೆ ಸಾರ್ ಅಂದುಬಿಟ್ಟೆ. ಅವರು ಎದ್ದು ಬಂದು ನನ್ನ ಹಿಂದೆ ನಿಂತರು. ಯಾರು ಕಟ್ಟಿದ್ದು, ಯಾರ ಎದುರಿಗೆ ಕಟ್ಟಿದ್ದು ಎಂದು ಕೇಳಿದರು. ಗೊತ್ತಿಲ್ಲ ಅಂದೆ. ಹಾಗಾದರೆ ಮೌಸ್ ಬಿಡಿ ಅಂದರು.

ಅಟೆಂಡರ್ ಹುಸೇನಪ್ಪನನ್ನೂ, ಟೀ ಕೊಡಲು ಬಂದಿದ್ದ ಹೋಟೆಲಿನವನನ್ನೂ ಪಂಚರನ್ನಾಗಿ ನಿಲ್ಲಿಸಿ ಅವರು ಬರೆದ ಪಂಚನಾಮೆ ನನಗೆ ಇವತ್ತಿಗೂ ಬಾಯಿಪಾಠ. "ಈ ದಿನ ಇ-ಮೇಲ್ ಮುಖಾಂತರ ಸ್ವೀಕೃತವಾದ, ಹೊರನೋಟಕ್ಕೆ ಹಳದಿ ಬಣ್ಣದ, ನಡುವೆ ಜಿಪ್ ಹೊಂದಿರುವ, ಹರಿಯದೇ ಒದ್ದೆಯಾಗದೇ ಸುಸ್ಥಿತಿಯಲ್ಲಿರುವ ಒಂದು ಫೈಲನ್ನು ಕೆಳಕಂಡ ಪಂಚರ ಸಮಕ್ಷಮ ಬಿಚ್ಚಲಾಯಿತು." ಹೋಟೆಲಿನವನು ಟೀ ಆರುತ್ತದೆ ಎಂದು ಗೊಣಗುತ್ತಲೇ ಸಹಿ ಹಾಕಿದ. ಆಮೇಲೆ ನಾನು ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಎಕ್ಸ್‌ಟ್ರಾಕ್ಟ್ ಆಲ್ ಒತ್ತಿ, ಎಲ್ಲಿ ಬಿಚ್ಚಬೇಕು ಎಂದು ಅದು ಕೇಳಿದಾಗ ಜಾಗ ತೋರಿಸಿದೆ. ಪಕ್ಕದಲ್ಲಿ ಅದೇ ಹೆಸರಿನ ಮಾಮೂಲಿ ಫೋಲ್ಡರು ಬಂತು. ಕೆಲಸ ಮಾಡಬೇಕಾದದ್ದು ಆ ಫೋಲ್ಡರಿನಲ್ಲಿ. ಇಷ್ಟೇ ವಿದ್ಯೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಈ ಕೆಲಸಕ್ಕೆ ನಮ್ಮ ಕಚೇರಿಯಲ್ಲಿ ಅರ್ಧ ದಿನ ಹಿಡಿಯುತ್ತಿತ್ತು.

ನಾನು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ. ಆದರೆ ಒಂದು ಸಲ ಈ ಪಂಚನಾಮೆಯೇ ನಮ್ಮನ್ನು ಉಳಿಸಿತು ಎಂಬುದನ್ನೂ ಹೇಳಬೇಕು. ಪರಿಷ್ಕೃತ ಸಂಬಳದ ವಿವರ ಎಂಬ ಹೆಸರಿನ ಜಿಪ್ ಫೈಲು ಗುರುತಿಲ್ಲದ ವಿಳಾಸದಿಂದ ಬಂತು. ಸಂಬಳ ಎಂಬ ಮಾತು ಕಂಡರೆ ಯಾರಿಗೆ ತಡೆಯಲಾಗುತ್ತದೆ? ನನ್ನ ಕೈ ಮೌಸಿನ ಮೇಲೆ ಕುಣಿಯುತ್ತಿತ್ತು. ಸಾಹೇಬರು ಮಾತ್ರ ಪಂಚರಿಲ್ಲದೆ ಮುಟ್ಟುವಂತಿಲ್ಲ ಎಂದರು, ಹುಸೇನಪ್ಪ ಬ್ಯಾಂಕಿಗೆ ಹೋಗಿದ್ದ. ಅವನು ಬರುವಷ್ಟರಲ್ಲಿ ಪಕ್ಕದ ಕಚೇರಿಯವರು ಅದೇ ಫೈಲು ಬಿಚ್ಚಿ, ಒಳಗಿದ್ದ ಪ್ರೋಗ್ರಾಮನ್ನು ಒತ್ತಿ, ಅವರ ಕಂಪ್ಯೂಟರುಗಳೆಲ್ಲ ಸಾಲಾಗಿ ಮಲಗಿದ್ದವು. ನಿಮಗೂ ಅದೇ ಮಾತು. ಗುರುತಿಲ್ಲದವರ ಗಂಟು ಬಿಚ್ಚಬೇಡಿ. ಕಾಗದ ಇರಬೇಕಾದ ಕಡೆ ಪ್ರೋಗ್ರಾಮು ಕಂಡರೆ ಒತ್ತಬೇಡಿ. ಸಾಹೇಬರು ಮುಂದಿನ ಒಂದು ವಾರ ಮೀಸೆ ತಿರುವಿಕೊಂಡು ಓಡಾಡಿದರು.

ಆಮೇಲೆ ಅವರ ಮೀಸೆ ಇಳಿದದ್ದೂ ಜಿಪ್ ಫೈಲಿನಿಂದಲೇ. ರೂಪನಗುಡಿಯಲ್ಲಿ ನಮ್ಮ ಚಿಕ್ಕಮ್ಮನ ಮಗಳ ಮದುವೆ ಎಂದು ನಾನು ರಜೆ ಹಾಕಿದ್ದೆ. ಆವತ್ತೇ ವಾರ್ಷಿಕ ವರದಿಯ ನಮೂನೆ ಜಿಪ್ಪಿನಲ್ಲಿ ಬಂತು. ಸಾಹೇಬರು ಪಂಚನಾಮೆ ಬರೆದರು, ಗಂಟಿನ ಮೇಲೆ ಎರಡು ಸಲ ಒತ್ತಿದರು. ಒಳಗಿನ ಕಾಗದ ಕಂಡಿತು. ಕಂಡಿತಲ್ಲ, ಬಿಚ್ಚಿದ್ದಾಯಿತು ಎಂದುಕೊಂಡು ಅದರ ಮೇಲೂ ಎರಡು ಸಲ ಒತ್ತಿ, ಎರಡೇ ಬೆರಳಿನಲ್ಲಿ ಇಡೀ ದಿನ ಕೂತು ವರದಿ ಬಡಿದರು. ಉಳಿಸು ಎಂಬುದನ್ನು ಒತ್ತಿದರಂತೆ, ದೇವರಾಣೆ ಒತ್ತಿದರಂತೆ. ಮರುದಿನ ಬಂದು ತೆಗೆದರೆ ನಮೂನೆ ಹುಟ್ಟಿದಾಗ ಹೇಗಿತ್ತೋ ಹಾಗೆ, ಖಾಲಿ.

ಕುರುಗೋಡಿನ ಹುಡುಗಿಗೆ ಆದದ್ದೂ ಇದೇ. ಗಂಟನ್ನು ಬಿಚ್ಚದೆ ಒಳಗಿನದನ್ನು ಒತ್ತಿದರೆ, ಕಂಪ್ಯೂಟರು ನೋಡಲಿ ಪಾಪ ಎಂದು ಅದರ ಒಂದು ನಕಲನ್ನು ಯಾವುದೋ ಮೂಲೆಯಲ್ಲಿ ಮಾಡಿ ತೋರಿಸುತ್ತದೆ. ನೀವು ಬರೆದದ್ದೆಲ್ಲ ಆ ನಕಲಿನ ಮೇಲೆ ಹೋಗುತ್ತದೆ, ನಕಲು ಎಲ್ಲಿದೆ ಎಂದು ಗೊತ್ತಿಲ್ಲದೆ ಕಳೆದೇ ಹೋಗುತ್ತದೆ. ಗಂಟಿನೊಳಗಿನದು ಅಲುಗುವುದೇ ಇಲ್ಲ. ನೋಡುವುದು ಬೇರೆ, ಬಿಚ್ಚುವುದು ಬೇರೆ. ಇದನ್ನು ಸಾಹೇಬರಿಗೆ ಎಷ್ಟು ಬಿಡಿಸಿ ಹೇಳಿದರೂ ಅವರು ಕಲಿತ ಪಾಠವೇ ಬೇರೆ. ಜಿಪ್ ಫೈಲು ಒಂದು ಸಲ ತೆರೆದರೆ ಒಳಗಿನದು ಹಾರಿಹೋಗುತ್ತದೆ, ಇದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು.

ಹೀಗೆ ಕೂತ ಮೇಲೆ ಅವರ ಭಾಮೈದ ಈರೇಶ ಆದೋನಿಯಿಂದ ಬಂದ.

ಸಾಹೇಬರ ತಂದೆ ಬಾದನಹಟ್ಟಿಯಲ್ಲಿ ಬಯಲಾಟದ ಮಾಸ್ತರಾಗಿದ್ದವರು. ಅರ್ಧ ಊರಿಗೆ ಕುಣಿತ, ಹಾಡು ಕಲಿಸಿದವರು. ಯಾವ ಹಾಡನ್ನೂ ಕಾಗದಕ್ಕೆ ಇಳಿಸಿದವರಲ್ಲ, ಎಲ್ಲ ಬಾಯಲ್ಲೇ. ಅವರು ತೀರಿಕೊಂಡ ಮೇಲೆ ಆಟ ನಿಂತುಹೋಗಿತ್ತು. ಮನೆಯಲ್ಲಿ ಅವರದೊಂದು ಫೋಟೋ ಕೂಡ ಇರಲಿಲ್ಲ. ಇದ್ದದ್ದು ಒಂದು ಕ್ಯಾಸೆಟ್ಟು. ಹಿಂದೆ ಯಾರೋ ತಾಲೀಮಿನ ಹೊತ್ತಿಗೆ ಟೇಪ್ ರಿಕಾರ್ಡರ್ ಇಟ್ಟು ಇಡೀ ಆಟದ ಹಾಡುಗಳನ್ನು ತುಂಬಿಕೊಂಡಿದ್ದರು. ಅದನ್ನು ಈರೇಶ ಆದೋನಿಯ ಅಂಗಡಿಯಲ್ಲಿ ಕೊಟ್ಟು ಕಂಪ್ಯೂಟರಿಗೆ ಹಾಕಿಸಿದ. ಹಾಡು ತುಂಡುತುಂಡಾಗಿದ್ದವು, ಹಿಂದುಮುಂದಾಗದಿರಲಿ ಎಂದು ಅಂಗಡಿಯವನು ಜಿಪ್ ಕಟ್ಟಿಕೊಟ್ಟ. ಹಳೇ ಟೇಪು, ಕೊನೆಯ ಹಾಡು ಮುಗಿಯುತ್ತಲೇ ಯಂತ್ರಕ್ಕೆ ಸಿಕ್ಕಿ ಹರಿದು ಚೂರಾಯಿತಂತೆ.

ಈರೇಶ ಪೆನ್‌ಡ್ರೈವಿನಲ್ಲಿ ಆ ಜಿಪ್ಪು ತಂದು ನಮ್ಮ ಕಂಪ್ಯೂಟರಿನ ಡೌನ್‌ಲೋಡ್ಸಿನಲ್ಲಿ ಹಾಕಿದ. ತೆರೆಯಲು ಹೋದಾಗ ಸಾಹೇಬರು ಅವನ ಕೈ ಹಿಡಿದರು.

"ಏಮೀ ಕಾದು ಬಾವಾ, ಒಂದ್ಸಲ ಕೇಳು" ಎಂದ ಅವನು. ಏನೂ ಆಗುವುದಿಲ್ಲ ಎಂದು ನಾನೂ ಹೇಳಿದೆ. ಗಂಟು ಬಿಚ್ಚಿದರೂ ಗಂಟು ಗಂಟಾಗಿಯೇ ಇರುತ್ತದೆ, ಕಂಪ್ಯೂಟರು ಒಳಗಿನದರ ಪ್ರತಿ ತೆಗೆದು ಹೊರಗಿಡುತ್ತದೆ ಅಷ್ಟೇ, ಬೇಕಾದರೆ ದಿನಾ ಬಿಚ್ಚಿ ಅಂದೆ.

ಸಾಹೇಬರು ನನ್ನ ಮುಖ ನೋಡಿದರು. "ನಾಗರತ್ನಮ್ಮಾ, ನನ್ನ ವರದಿ ಹೋದಾಗ ನೀವು ಮದಿವ್ಯಾಗ ಇದ್ರಿ. ನಾನು ಕಣ್ಣಾರೆ ಕಂಡೀನಿ. ವರದಿ ಆದ್ರ ಮತ್ತ ಬರೀಬಹುದು. ನಮ್ಮಪ್ಪನ್ನ ಎಲ್ಲಿಂದ ತರಾಣ?"

ಆ ಮನುಷ್ಯನಿಗೆ ಅಪ್ಪನ ದನಿ ಕೇಳಬೇಕು, ಕೇಳಲು ಹೋದರೆ ಹೋಗಿಬಿಡುತ್ತದೆಂಬ ಹೆದರಿಕೆ. ಬಾಕಿ ದಿನ ಅವರ ಮೇಲೆ ಎಷ್ಟೇ ಸಿಟ್ಟಿದ್ದರೂ ಆವತ್ತು ನಾನೇ ಮೌಸು ಪಕ್ಕಕ್ಕೆ ಸರಿಸಿದೆ. ಕಣ್ಣ ಮುಂದೆಯಾದರೂ ಇರಲಿ, ಪರದೆಯ ಮೇಲೆ ಕಾಣುವ ಹಾಗೆ ಇಡಿ ಎಂದು ಕೇಳಿಕೊಂಡರು. ಡೆಸ್ಕ್‌ಟಾಪಿನ ಮೇಲೆ ಅದರ ಶಾರ್ಟ್‌ಕಟ್ ಹಾಕಿಕೊಟ್ಟೆ. ಇದು ಗಂಟಲ್ಲ ಸಾರ್, ಗಂಟು ಎಲ್ಲಿದೆ ಎಂದು ತೋರಿಸುವ ವಿಳಾಸದ ಚೀಟಿ, ಮೂಲೆಯಲ್ಲಿ ಬಾಣದ ಗುರುತು ಇದೆ ನೋಡಿ ಎಂದೂ ಹೇಳಿದೆ. ಅವರು ತಲೆ ಆಡಿಸಿದರು. ಕೆಂಪು ಪೆನ್ನಿನವರು ತಲೆ ಆಡಿಸಿದರೆ ಅರ್ಥವಾಯಿತು ಎಂದೇ ನಾವೆಲ್ಲ ತಿಳಿಯುತ್ತಿದ್ದೆವು.

ಪ್ರತಿದಿನ ಬೆಳಿಗ್ಗೆ ಕಚೇರಿಗೆ ಬಂದವರು ನನ್ನ ಪರದೆಯ ಮುಂದೆ ಒಂದು ಗಳಿಗೆ ನಿಂತು, ಆ ಚಿತ್ರ ನೋಡಿ, ತಮ್ಮ ಕುರ್ಚಿಗೆ ಹೋಗುತ್ತಿದ್ದರು. ಹುಸೇನಪ್ಪ ಅದಕ್ಕೆ ಊದಿನಕಡ್ಡಿ ಹಚ್ಚುವುದೊಂದು ಬಾಕಿ ಎಂದು ನಗುತ್ತಿದ್ದ.

ಕುರುಗೋಡು ತಾಲ್ಲೂಕಾದ ಮೇಲೆ ಸಾಹೇಬರನ್ನೂ ನನ್ನನ್ನೂ ಹುಸೇನಪ್ಪನನ್ನೂ ಅಲ್ಲಿನ ಹೊಸ ಕಚೇರಿಗೆ ಹಾಕಿದರು. ಸಿರುಗುಪ್ಪ ಬಿಡುವ ಮುಂಚೆ ಒಂದು ಮಧ್ಯಾಹ್ನ ನಾನು ಊಟಕ್ಕೆ ಹೋಗಿದ್ದಾಗ, ಸಾಹೇಬರು ಹೊಸ ಪೆನ್‌ಡ್ರೈವು ತಂದು ತಾವೇ ಸ್ವಂತ ಕೈಯಿಂದ ಆ ಫೈಲನ್ನು ಅದಕ್ಕೆ ಹಾಕಿಕೊಂಡಿದ್ದರು. ನಾನು ಬರುವಷ್ಟರಲ್ಲಿ ಪೆನ್‌ಡ್ರೈವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಕಂಪ್ಯೂಟರಿನ ಡಬ್ಬಿಯ ಮೇಲೇ ಇಟ್ಟುಕೊಂಡು ಅರಗು ಕಾಯಿಸಿ ಮೊಹರು ಒತ್ತುತ್ತಿದ್ದರು. ಅರಗಿನ ಒಂದು ದೊಡ್ಡ ಹನಿ ಡಬ್ಬಿಯ ಮೇಲೆ ಬಿದ್ದು ಗಟ್ಟಿಯಾಯಿತು. ಸರ್ಕಾರಿ ಸಾಮಾನು ಸಾರ್ ಅಂದೆ. ಆ ಕಲೆಗೂ ಒಂದು ಪಂಚನಾಮೆ ಬರೆದರು.

ಕುರುಗೋಡಿನಲ್ಲಿ ಆ ಬಿಳಿ ಗಂಟು ಕಬ್ಬಿಣದ ಕಪಾಟು ಸೇರಿತು. ಸಾಹೇಬರ ನಿವೃತ್ತಿಗೆ ಇನ್ನು ಕೆಲವೇ ತಿಂಗಳಿದ್ದಾಗ ಬಾದನಹಟ್ಟಿಯಿಂದ ಗಾದಿಲಿಂಗ ಬಂದ. ಮೆಣಸಿನಕಾಯಿ ಬೆಳೆಯುವ ರೈತ, ಗಂಟಲು ಮಾತ್ರ ಗಂಟೆ. ಸಾಹೇಬರ ತಂದೆಯ ಹತ್ತಿರ ಚಿಕ್ಕಂದಿನಲ್ಲಿ ಕಲಿತವನು. ಊರಿನ ಹುಡುಗರು ಆಟ ಮತ್ತೆ ಆಡಬೇಕೆಂದಿದ್ದಾರೆ, ವೇಷ ತಯಾರಿದೆ, ಮದ್ದಲೆಯವರು ತಯಾರಿದ್ದಾರೆ, ಹಾಡು ಮಾತ್ರ ಯಾರಿಗೂ ಪೂರ್ತಿ ಬರುವುದಿಲ್ಲ ಎಂದ. ರಾಜನ ವೇಷದವನು ಒಂದು ಧಾಟಿ ಹಿಡಿದರೆ ರಾಕ್ಷಸ ಇನ್ನೊಂದು ಹಿಡಿಯುತ್ತಾನಂತೆ.

"ಮಾಸ್ತರ ದನಿ ನಿಮ್ಮ ಹಂತ್ಯಾಕ ಐತಂತ ಈರೇಶ ಹೇಳಿದ. ಒಂದ್ಸಲ ಕೇಳಸ್ರಿ ಸಾಕು. ಇಲ್ಲಾಂದ್ರ ಈ ಆಟ ನಮ್ಮ ಸಂಗಾಟನ ಮಣ್ಣಾಕ್ಕೈತಿ" ಎಂದು ಕೈ ಮುಗಿದ.

ಸಾಹೇಬರು ಅವನಿಗೆ ಕುರ್ಚಿ ತೋರಿಸಿದರು. ಆಮೇಲೆ ಕಪಾಟಿನ ಬೀಗದ ಕೈ ತೆಗೆದರು. ಗಾದಿಲಿಂಗ, ಹುಸೇನಪ್ಪ ಪಂಚರು. ಮೊಹರು ಸುಸ್ಥಿತಿಯಲ್ಲಿದೆ ಎಂದು ಎಲ್ಲರಿಂದ ಹೇಳಿಸಿದರು. ಬಟ್ಟೆ ಬಿಚ್ಚಿ ಪೆನ್‌ಡ್ರೈವು ನನ್ನ ಕೈಗೆ ಕೊಟ್ಟರು. ನಾನು ಸಿಕ್ಕಿಸಿದೆ.

ಚಿತ್ರದ ಮೂಲೆಯಲ್ಲಿ ಬಾಣ.

ಫೈಲಿನ ಗಾತ್ರ ನೋಡಿದೆ. ಒಂದು ಆಟದ ಹಾಡು ಇರಬೇಕಾದ ಕಡೆ ಒಂದು ಕೆಮ್ಮು ಹಿಡಿಸುವಷ್ಟೂ ಜಾಗ ಇರಲಿಲ್ಲ. ಅವರು ಇಷ್ಟು ದಿನ ಮೊಹರು ಮಾಡಿ, ಬೀಗ ಹಾಕಿ ಕಾಯ್ದದ್ದು ವಿಳಾಸದ ಚೀಟಿಯನ್ನು. ಗಂಟು ಸಿರುಗುಪ್ಪದ ಕಂಪ್ಯೂಟರಿನಲ್ಲೇ ಉಳಿದಿತ್ತು. ಮಕ್ಕಳೇ, ಇದನ್ನು ಗೋಡೆಗೆ ಬರೆದು ಹಾಕಿ: ಪೆನ್‌ಡ್ರೈವಿಗೆ ಏನು ಹಾಕಿಕೊಂಡರೂ ಬಾಣ ಇದೆಯೇ ನೋಡಿ, ಗಾತ್ರ ನೋಡಿ, ಬೇರೆ ಕಂಪ್ಯೂಟರಿನಲ್ಲಿ ಒಂದು ಸಲ ತೆರೆದು ನೋಡಿ. ಅರಗಿನ ಮೊಹರು ಒಳಗೆ ಏನಿದೆ ಎಂದು ನೋಡುವುದಿಲ್ಲ.

ಹೇಗೋ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೇ ಚೆನ್ನಾಗಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನೀವು ಹೇಳಿದ್ದಿರಿ, ನಾನು ತಲೆ ಆಡಿಸಿದ್ದೆ ಎಂದರು. ಈರೇಶನಿಗೆ ಫೋನು ಮಾಡಿದೆವು. ಅಂಗಡಿಯವನು ಯಾವತ್ತೋ ಅಳಿಸಿದ್ದ. ಈರೇಶನ ಪೆನ್‌ಡ್ರೈವಿನಲ್ಲಿ ಈಗ ತೆಲುಗು ಸಿನಿಮಾ ಹಾಡು. ಸಿರುಗುಪ್ಪಕ್ಕೆ ಮಾಡಿದರೆ, ಹಳೇ ಕಂಪ್ಯೂಟರುಗಳನ್ನೆಲ್ಲ ಬಳ್ಳಾರಿಯ ಸ್ಟೋರಿಗೆ ಸಾಗಿಸಿಯಾಗಿದೆ, ಬರುವ ಸೋಮವಾರ ಗುಜರಿಗೆ ಹರಾಜು ಎಂದರು.

ಮರುದಿನವೇ ನಾನು, ಸಾಹೇಬರು, ಹುಸೇನಪ್ಪ, ಗಾದಿಲಿಂಗ ಬಳ್ಳಾರಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಸಾಹೇಬರು ಖಾಲಿ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು.

ಸ್ಟೋರಿನ ಉಸ್ತುವಾರಿ ಮಂಜುಳಾ ಎಂಬವಳದು. ಹಿಂದೆ ಸಿರುಗುಪ್ಪದಲ್ಲಿ ಸಾಹೇಬರ ಕೈಕೆಳಗೇ ಕೆಲಸ ಕಲಿತವಳು. ನನಗೆ ಧೈರ್ಯ ಬಂತು. ಆದರೆ ಬಾಗಿಲಿಗೆ ಬೀಗ, ಬೀಗಕ್ಕೆ ಬಟ್ಟೆ, ಬಟ್ಟೆಗೆ ಮೊಹರು. ವಿಷಯ ಪೂರ್ತಿ ಕೇಳಿಕೊಂಡು ಅವಳು ಮುಖ ಸಣ್ಣ ಮಾಡಿದಳು. ಹರಾಜಿಗೆ ಇಟ್ಟ ಸಾಮಾನಿನ ಕೋಣೆ, ಹಾಗೆಲ್ಲ ತೆಗೆಯುವ ಹಾಗಿಲ್ಲ ಎಂದಳು. ನಮ್ಮ ಸಾಹೇಬರು ಬದುಕಿನಲ್ಲಿ ಮೊದಲನೇ ಸಲ ನಿಯಮ ಸ್ವಲ್ಪ ಸಡಿಲಿಸಲು ಕೇಳಿದರು. ಐದು ನಿಮಿಷ, ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಹುಸೇನಪ್ಪ ಬಾಯಿ ಕಳೆದು ಅವರನ್ನೇ ನೋಡಿದ.

"ಸಾರ್, ಇದನ್ನ ನನಗ ಕಲಿಸಿದವರು ನೀವ" ಎಂದಳು ಮಂಜುಳಾ. "ಮೊಹರು ಬಿದ್ದದ್ದನ್ನ ಪಂಚರಿಲ್ದ ಬಿಚ್ಚಬಾರದು ಅಂತ. ತಪ್ಪಿದ್ದಕ್ಕ ಒಂದ್ಸಲ ನನ್ನ ಕಡಿಂದ ವಿವರಣಿನೂ ಬರೆಸೀರಿ."

ಸಾಹೇಬರ ಮುಖ ಒಂದು ಕ್ಷಣ ಬಿಳಿಚಿತು. ಮರುಕ್ಷಣ ದೀಪ ಹತ್ತಿದಂತಾಯಿತು. ಪಂಚರಿಲ್ಲದೆ ಬಿಚ್ಚಬಾರದು, ಹಾಗಾದರೆ ಪಂಚರಿದ್ದರೆ ಬಿಚ್ಚಬಹುದಲ್ಲ ಎಂದರು. ಗಾದಿಲಿಂಗನನ್ನೂ ಹುಸೇನಪ್ಪನನ್ನೂ ಮತ್ತೆ ಪಂಚರನ್ನಾಗಿ ನಿಲ್ಲಿಸಿ, ಅಲ್ಲೇ ಒಂದು ಮುರುಕು ಮೇಜಿನ ಮುಂದೆ ನಿಂತು ನೀಲಿ ಪೆನ್ನು ತೆಗೆದರು. ಬೀಗದ ಸ್ಥಿತಿ, ಬಟ್ಟೆಯ ಬಣ್ಣ, ಬಿಚ್ಚುವ ಉದ್ದೇಶ, ಸರ್ಕಾರಿ ಸ್ವತ್ತಿಗೆ ಯಾವ ನಷ್ಟವೂ ಇಲ್ಲವೆಂಬ ಹೊಣೆ, ಮತ್ತೆ ಮೊಹರು ಮಾಡುವ ಕ್ರಮ. ಅಂಥ ಪಂಚನಾಮೆಯನ್ನು ನಾನು ನನ್ನ ನೌಕರಿಯಲ್ಲಿ ಕಂಡಿಲ್ಲ. ಮಂಜುಳಾ ಎರಡು ಸಲ ಓದಿ, ಅದನ್ನು ತನ್ನ ಮೇಲಧಿಕಾರಿಗೆ ತೋರಿಸಿ ಒಪ್ಪಿಗೆಯ ಸಹಿ ಹಾಕಿಸಿಕೊಂಡು ಬಂದಳು. ಇದರಲ್ಲಿ ತಪ್ಪು ಹುಡುಕಲು ಅವರಿಗೂ ಆಗಲಿಲ್ಲ ಸಾರ್ ಎಂದಳು. ಇಷ್ಟು ವರ್ಷ ನಾನು ಶಪಿಸಿದ ಪಂಚನಾಮೆಗೆ ಆವತ್ತು ಮನಸ್ಸಿನಲ್ಲೇ ಕೈ ಮುಗಿದೆ.

ಬಾಗಿಲು ತೆಗೆದರೆ ಕಂಪ್ಯೂಟರುಗಳ ಗುಡ್ಡೆ. ಎಲ್ಲವೂ ಒಂದೇ ಬಣ್ಣ, ಎಲ್ಲದಕ್ಕೂ ಆಯುಧಪೂಜೆಯ ವಿಭೂತಿ, ಕುಂಕುಮ. ಯಾವುದು ನಮ್ಮದು? ಹುಸೇನಪ್ಪ ಒಂದೊಂದನ್ನೇ ಎತ್ತಿ ಧೂಳು ಒರೆಸುತ್ತಾ ಹೋದ. ಕೊನೆಗೆ ಗುಡ್ಡೆಯ ತಳದಿಂದ ಕೂಗಿದ. "ಅಕ್ಕಾರ, ಇಲ್ಲೈತಿ. ಸಾಹೇಬ್ರ ಅರಗು." ಡಬ್ಬಿಯ ನೆತ್ತಿಯ ಮೇಲೆ ಆ ಕೆಂಪು ಹನಿ ಹಾಗೇ ಕೂತಿತ್ತು.

ಮಂಜುಳಾಳ ಮೇಜಿನ ಪರದೆ, ಕೀಲಿಮಣೆ, ಮೌಸು, ಸ್ಪೀಕರು ಕಿತ್ತು ಅದಕ್ಕೆ ಜೋಡಿಸಿದೆವು. ಗಂಟಲು ಸರಿಪಡಿಸಿಕೊಂಡ ಹಾಗೆ ಸದ್ದು ಮಾಡಿ ಅದು ಎದ್ದಿತು. ಡೌನ್‌ಲೋಡ್ಸ್ ತೆಗೆದೆ. ಗಂಟು ಇತ್ತು. ಬಾಣವಿಲ್ಲದ, ತೂಕದ ಗಂಟು. ಮೊದಲು ಅದನ್ನು ಸಾಹೇಬರ ಪೆನ್‌ಡ್ರೈವಿಗೆ ಹಾಕಿಕೊಂಡೆ, ಆಮೇಲೆ ಗಾದಿಲಿಂಗನ ಪೆನ್‌ಡ್ರೈವಿಗೆ, ಆಮೇಲೆ ನನ್ನದಕ್ಕೆ. ನಂತರ ಸಾಹೇಬರ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿ, ಬಿಚ್ಚಿ ಎಂದರು.

ರೈಟ್ ಕ್ಲಿಕ್, ಎಕ್ಸ್‌ಟ್ರಾಕ್ಟ್ ಆಲ್. ಪಕ್ಕದಲ್ಲಿ ಫೋಲ್ಡರು ಮೂಡಿತು. ಮೊದಲನೇ ಹಾಡು ಒತ್ತಿದೆ.

ಕರಕರ ಸದ್ದು, ಹಾರ್ಮೋನಿಯಂ, ಮದ್ದಲೆ. ಆಮೇಲೆ ಒಂದು ದಪ್ಪ ದನಿ ಗಣಪತಿ ಸ್ತುತಿ ಎತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ತಾಳ ಎಲ್ಲೋ ಎಡವಿತು. ಹಾಡು ನಿಂತಿತು. ಒಂದು ಕೆಮ್ಮು. ಆಮೇಲೆ ಆ ದನಿ ಬೈಯಿತು.

"ಲೇ ಪಂಪ್ಯಾ, ತಾಳ ತಪ್ಪಸಬ್ಯಾಡಲೇ. ಕೈ ಬಿಚ್ಚಿ ಹೊಡಿ."

ಅದರ ಹಿಂದೆಯೇ, ಆಗಷ್ಟೇ ಮೀಸೆ ಚಿಗುರಿದ ಹುಡುಗನೊಬ್ಬನ ಹೆದರಿದ ದನಿ. "ಹೂನಪ್ಪಾ."

ಪಂಪ್ಯಾ! ಇಡೀ ತಾಲ್ಲೂಕು ಹೆದರುತ್ತಿದ್ದ ಮನುಷ್ಯ. ಹುಸೇನಪ್ಪ ನಗು ತಡೆಯಲಾರದೆ ಕಂಪ್ಯೂಟರಿನ ಗುಡ್ಡೆಯ ಹಿಂದೆ ಹೋದ. ನನಗೂ ನಗು ಬಂತು, ಅಳುವೂ ಬಂತು. ಸಾಹೇಬರು ಮಾತ್ರ ಶಾಲೆಯ ಹುಡುಗನ ಹಾಗೆ ನೆಟ್ಟಗೆ ನಿಂತುಬಿಟ್ಟಿದ್ದರು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಹಾಡು ಮುಗಿದ ಮೇಲೆ ಗಂಟು ಹೋಯಿತೇ ಎಂದು ಮೆಲ್ಲಗೆ ಕೇಳಿದರು. ತೋರಿಸಿದೆ. ಗಂಟು ಅಲ್ಲೇ ಇತ್ತು, ಒಂದು ಚೂರೂ ಕಡಿಮೆಯಾಗದೆ. ಇನ್ನೊಂದು ಸಲ ಬಿಚ್ಚಿ ಅಂದರು. ಬಿಚ್ಚಿದೆ. ಆಮೇಲೆ ಮೌಸು ತಾವೇ ತೆಗೆದುಕೊಂಡು ಬಿಚ್ಚಿದರು. ಅಪ್ಪ ಪ್ರತಿ ಸಲವೂ ಬೈದರು. ಮಂಜುಳಾ ಬಾಗಿಲು ಹಾಕಬೇಕು ಎನ್ನುವವರೆಗೂ ಅವರು ಬೈಸಿಕೊಳ್ಳುತ್ತಲೇ ಇದ್ದರು.

ಅದಾದ ಮೇಲೆ ಅವರು ನಿವೃತ್ತರಾದರು, ಸ್ವಲ್ಪ ಕಾಲಕ್ಕೆ ನಾನೂ ಆದೆ. ಈಗ ಅವರಿಗೆ ಹೊಸ ಕಾಯಿಲೆ. ಯಾರು ಯಾವ ಜಿಪ್ ಫೈಲು ಕಳಿಸಿದರೂ ಫೋನಿನಲ್ಲೇ ಬಿಚ್ಚಿಬಿಡುತ್ತಾರೆ, ಪಂಚರಿಲ್ಲ, ಸಾಕ್ಷಿಯಿಲ್ಲ. ಗುರುತಿಲ್ಲದವರದು ಬೇಡ ಸಾರ್ ಎಂದು ನಾನೇ ಈಗ ಅವರಿಗೆ ನಿಯಮ ಹೇಳಬೇಕಾಗಿದೆ.

ಬಾದನಹಟ್ಟಿಯ ಆಟಕ್ಕೆ ನನ್ನನ್ನೂ ಕರೆದಿದ್ದರು. ಶಾಲೆಯ ಮುಂದಿನ ಬಯಲಿನಲ್ಲಿ ಆಟದ ರಂಗಕ್ಕೆ ಅಟ್ಟ ಹಾಕಿದ್ದರು. ಹೊತ್ತು ಮುಳುಗುತ್ತಲೇ ಶುರು. ಗಾದಿಲಿಂಗ ಹಾಡುವವರ ಮುಂದಾಳು. ಹುಡುಗರೆಲ್ಲ ತಿಂಗಳುಗಟ್ಟಲೆ ಆ ಫೈಲುಗಳನ್ನು ಕೇಳಿ ಕೇಳಿ ಕಲಿತಿದ್ದರು. ಅವನ ಪಕ್ಕದಲ್ಲಿ ನಮ್ಮ ಸಾಹೇಬರು, ಬಿಳಿ ಅಂಗಿ, ಜೇಬಿನಲ್ಲಿ ಪೆನ್ನಿಲ್ಲ, ಕೈಯಲ್ಲಿ ತಾಳ.

ಗಣಪತಿ ಸ್ತುತಿ ಎದ್ದಿತು. ಅದೇ ಧಾಟಿ, ಅದೇ ಏರಿಳಿತ. ಸಾಹೇಬರ ತಾಳ ಮಾತ್ರ ಆ ಟೇಪಿನಲ್ಲಿದ್ದ ಹಾಗೇ ಸ್ವಲ್ಪ ಎಡವಿತು. ಅವರು ಎಡವದಿದ್ದರೂ ಗಾದಿಲಿಂಗ ಅಲ್ಲಿ ನಿಲ್ಲಿಸುತ್ತಿದ್ದ ಎಂದು ನನಗೆ ಆಮೇಲೆ ಗೊತ್ತಾಯಿತು. ಫೈಲಿನಲ್ಲಿ ಹೇಗಿತ್ತೋ ಹಾಗೆ, ಒಂದಕ್ಷರ ಬಿಡದೆ ಕಲಿತಿದ್ದರು. ಅವನು ಹಾಡು ನಿಲ್ಲಿಸಿದ, ಕೆಮ್ಮಿದ, ಇಡೀ ಊರಿನ ಎದುರಿಗೆ ತುಂಬುಗಂಟಲಿನಿಂದ ಹೇಳಿದ.

"ಲೇ ಪಂಪ್ಯಾ, ತಾಳ ತಪ್ಪಸಬ್ಯಾಡಲೇ. ಕೈ ಬಿಚ್ಚಿ ಹೊಡಿ."

ಜನ ಇದೂ ಆಟದ ಮಾತೇ ಇರಬೇಕೆಂದು ನಕ್ಕರು. ಪಂಪಾಪತಿ ಸಾಹೇಬರು ನೆಟ್ಟಗೆ ಕೂತರು. "ಹೂನಪ್ಪಾ" ಎಂದರು, ತಾಳ ಎತ್ತಿ ಹೊಡೆದರು. ಈ ಸಲ ತಪ್ಪಲಿಲ್ಲ.